ಮೂರನೇ ವರ್ಷದವರ ಟೈಮಿಂಗ್

ಪಿಯುಸಿ ಫಲಿತಾಂಶ ಬಂದ ವಾರವೇ, ರಾಜ್ಯ ಮಟ್ಟದಲ್ಲಿ 5,000 ಮೀಟರ್ ಗೆದ್ದ ಹುಡುಗನ ಮನೆಗೆ ಫೋನುಗಳು ಶುರುವಾಗುತ್ತವೆ. ಸೀಟು ಫ್ರೀ, ಹಾಸ್ಟೆಲ್ ಫ್ರೀ, ಮೆಸ್ ಫ್ರೀ, ಮೇಲೆ ಶೂ, ಟ್ರ್ಯಾಕ್ ಸೂಟು. ಎರಡು ಎಕರೆ ಮಳೆಯಾಶ್ರಿತ ಹೊಲ ನಂಬಿದ ಮನೆಯಲ್ಲಿ ಇದಕ್ಕೆ ಬೇಡ ಅನ್ನುವವರು ಯಾರು? ಬೇಡ ಅನ್ನಿ ಎಂದು ನಾನೂ ಹೇಳುತ್ತಿಲ್ಲ. ಆದರೆ ಓಡುವ ಮಕ್ಕಳನ್ನೂ ಅವರು ಸೇರುವ ಕಾಲೇಜುಗಳನ್ನೂ ಬಹಳ ವರ್ಷ ಹತ್ತಿರದಿಂದ ನೋಡಿದ ಮೇಲೆ ನನ್ನಲ್ಲೊಂದು ತಕರಾರು ಉಳಿದುಕೊಂಡಿದೆ. ಕಾಲೇಜು ಏನೇನು ಕೊಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಹಿಂದೆ ಇದೇ ಫೋನು ನಂಬಿ ಅಲ್ಲಿಗೆ ಸೇರಿ, ಈಗ ಮೂರನೇ ವರ್ಷದಲ್ಲಿರುವವರ ಟೈಮಿಂಗ್ ಎಷ್ಟಕ್ಕೆ ಬಂದಿದೆ ಎಂದು ಯಾರೂ ಕೇಳುವುದಿಲ್ಲ. ದೂರದ ಓಟದವರಿಗೆ ಈ ಪ್ರಶ್ನೆಗಿಂತ ದೊಡ್ಡ ಪ್ರಶ್ನೆ ಇನ್ನೊಂದಿಲ್ಲ ಎಂಬುದು ನನ್ನ ವಾದ.

ಕಾರಣ ಇಷ್ಟೇ: ಈ ಓಟ ಹದಕ್ಕೆ ಬರುವುದೇ ತಡ. ಬೀಡ್ ಜಿಲ್ಲೆಯ ಅವಿನಾಶ್ ಸಾಬ್ಳೆ ಹನ್ನೆರಡನೇ ತರಗತಿ ಮುಗಿಸಿ ಸೈನ್ಯ ಸೇರಿ, ಸಿಯಾಚಿನ್‌ನಲ್ಲಿ ಕಾವಲು ಕಾದು, ಆಮೇಲೆ ಕ್ರಾಸ್ ಕಂಟ್ರಿಗೆ ಇಳಿದವರು. 2018ರಲ್ಲಿ ಭುವನೇಶ್ವರದಲ್ಲಿ 8 ನಿಮಿಷ 29.80 ಸೆಕೆಂಡಿನಲ್ಲಿ ಸ್ಟೀಪಲ್‌ಚೇಸ್ ಓಡಿ, ಗೋಪಾಲ್ ಸೈನಿ 1981ರಲ್ಲಿ ಬರೆದಿದ್ದ ರಾಷ್ಟ್ರೀಯ ದಾಖಲೆ ಮುರಿದಾಗ ಅವರಿಗೆ 24 ವರ್ಷ. 2024ರಲ್ಲಿ ಪ್ಯಾರಿಸ್ ಡೈಮಂಡ್ ಲೀಗ್‌ನಲ್ಲಿ ಅದೇ ಓಟ 8 ನಿಮಿಷ 9.91 ಸೆಕೆಂಡಿಗೆ ಬಂತು. ಹತ್ತಿರ ಹತ್ತಿರ 20 ಸೆಕೆಂಡು ಇಳಿದದ್ದು ಡಿಗ್ರಿ ವಯಸ್ಸು ದಾಟಿದ ಮೇಲೆ. ಪಾರುಲ್ ಚೌಧರಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 5,000 ಮೀಟರ್ ಚಿನ್ನ ಗೆದ್ದದ್ದು 28ನೇ ವಯಸ್ಸಿನಲ್ಲಿ. ಹದಿನೆಂಟಕ್ಕೇ ವಿಶ್ವ ಚಾಂಪಿಯನ್ ಆದವರಿಲ್ಲವೇ ಎಂದರೆ ಇದ್ದಾರೆ, ಕೀನ್ಯಾದ ಎಲಿಯುಡ್ ಕಿಪ್ಚೋಗೆ, 2003ರಲ್ಲಿ. ಆದರೆ ಅವರು 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದಾಗಲೂ ಜೊತೆಗಿದ್ದದ್ದು ಹುಡುಗನಾಗಿದ್ದಾಗಿನ ಅದೇ ಕೋಚ್, ಪ್ಯಾಟ್ರಿಕ್ ಸಾಂಗ್. ಕಾಲೇಜಿನ ಲೆಕ್ಕ ಬೇರೆ. ಅದಕ್ಕೆ ಹುಡುಗ ಸಿಗುವುದು ಮೂರೇ ವರ್ಷ, ಬೇಕಿರುವುದು ಅಂತರ ವಿಶ್ವವಿದ್ಯಾಲಯ ಕೂಟದ ಪಾಯಿಂಟು. ಒಂದೇ ಕೂಟದಲ್ಲಿ 5,000 ಮತ್ತು 10,000 ಎರಡನ್ನೂ ಓಡಿಸಿ, ಕಾಲೇಜು ಮೀಟಿನಲ್ಲಿ 1,500ಕ್ಕೂ ನಿಲ್ಲಿಸಿ, ಕ್ರಾಸ್ ಕಂಟ್ರಿಗೂ ಕಳಿಸಿದರೆ ಟ್ರೋಫಿ ಬರುತ್ತದೆ. ಆ ಹುಡುಗ 26ಕ್ಕೆ ಏನಾಗುತ್ತಾನೆ ಎಂಬುದು ಕಾಲೇಜಿನ ಯಾವ ವರದಿಯಲ್ಲೂ ಬರುವುದಿಲ್ಲ. ಯಾರೋ ಕೆಟ್ಟವರೆಂದು ಹೀಗಾಗುವುದಲ್ಲ. ಕೋಚಿನ ಕೆಲಸ ಉಳಿಯುವುದೇ ಆ ವರ್ಷದ ಪದಕದ ಮೇಲೆ.

ಹಾಗಾದರೆ ತಿಳಿಯುವುದು ಹೇಗೆ? ಟ್ರೋಫಿ ಇಟ್ಟ ಗಾಜಿನ ಕಪಾಟಿನ ಮುಂದೆ ನಿಂತರೆ ತಿಳಿಯುವುದಿಲ್ಲ. ಗೆದ್ದವರ ಫೋಟೊ ಅಲ್ಲಿರುತ್ತದೆ, ಮೊಣಕಾಲಿನ ಕೆಳಗೆ ನೋವು ಬಂದು ಎರಡನೇ ವರ್ಷಕ್ಕೇ ಊರಿಗೆ ಹೋದವರ ಫೋಟೊ ಇರುವುದಿಲ್ಲ. ಮೂರನೇ ವರ್ಷದ ಒಬ್ಬ ಓಟಗಾರನ ಡೈರಿ ಕೇಳಿ ನೋಡಬೇಕು. ಮಂಗಳವಾರ 400 ಮೀಟರಿನ ಹತ್ತು ರಿಪಿಟೇಷನ್, ಬುಧವಾರ ಗುಡ್ಡ, ಗುರುವಾರ ಮತ್ತೆ 400, ಶನಿವಾರ ಟೈಮ್ ಟ್ರಯಲ್, ಹೀಗೇ ಇಡೀ ವಾರ ಕೆಂಡದ ಮೇಲೆ ಓಡಿದಂತಿದ್ದರೆ ಅದು ದೂರದ ಓಟದ ತರಬೇತಿಯಲ್ಲ. ಪಕ್ಕದವನ ಜೊತೆ ಮಾತಾಡುತ್ತ ಓಡುವಷ್ಟು ನಿಧಾನದ ಓಟಗಳೇ ಅದರಲ್ಲಿ ಹೆಚ್ಚಿರಬೇಕು. ಡೈರಿಯೇ ಇಲ್ಲ, ‘ಸರ್ ಬೆಳಿಗ್ಗೆ ಬಂದು ಹೇಳ್ತಾರೆ’ ಎಂದರೆ ಅದೂ ಒಂದು ಉತ್ತರವೇ. ಜೊತೆಗೆ ಆ ಸರ್ ಯಾವ ವಿಭಾಗದವರು ಎಂದೂ ವಿಚಾರಿಸಬೇಕು. ನಮ್ಮಲ್ಲಿ ಒಬ್ಬರೇ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕರು) ಕಬಡ್ಡಿಯಿಂದ ಜಾವೆಲಿನ್‌ವರೆಗೆ ಎಲ್ಲವನ್ನೂ ನೋಡಿಕೊಳ್ಳುವ ಕಾಲೇಜುಗಳೇ ಹೆಚ್ಚು. ಅವರ ಶ್ರಮಕ್ಕೆ ಕೈಮುಗಿಯೋಣ, ಮಗುವಿನ ಕಾಲನ್ನು ಒಪ್ಪಿಸುವ ಮೊದಲು ಯೋಚಿಸೋಣ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಟ್ರ್ಯಾಕ್‌ಗಿಂತ ಮೊದಲು ಮೆಸ್ ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಆಮ್ಲಜನಕ ಹೊರುವುದು ರಕ್ತ, ದೂರದ ಓಟ ನಿಂತಿರುವುದೇ ಅದರ ಮೇಲೆ. ಬಿಳಿ ಅನ್ನ, ನೀರು ಸಾರು, ವಾರಕ್ಕೆ ಎರಡು ಮೊಟ್ಟೆ ಕೊಟ್ಟು ದಿನಕ್ಕೆ ಹದಿನೈದು ಕಿಲೋಮೀಟರ್ ಓಡಿಸಿದರೆ ಮೊದಲು ಸುಸ್ತು, ಆಮೇಲೆ ಮುಟ್ಟು ನಿಲ್ಲುವುದು, ಆಮೇಲೆ ಎಲುಬಿನಲ್ಲಿ ಬಿರುಕು. ಓಡುವಷ್ಟು ಉಣ್ಣದ ದೇಹಕ್ಕೆ ಆಗುವ ಈ ಹಾನಿಗೆ 2014ರಲ್ಲೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹೆಸರಿಟ್ಟಿದೆ. ಮುಟ್ಟು ನಿಂತಿತೆಂದರೆ ‘ಒಳ್ಳೇದೇ ಆಯ್ತು, ಫಿಟ್ ಆಗಿದ್ದಾಳೆ’ ಅನ್ನುವ ಕೋಚುಗಳು ಇವತ್ತಿಗೂ ಇದ್ದಾರೆ. ಹೀಮೋಗ್ಲೋಬಿನ್, ಫೆರಿಟಿನ್ ಪರೀಕ್ಷೆ ವರ್ಷಕ್ಕೆ ಎಷ್ಟು ಸಲ ಮಾಡಿಸುತ್ತೀರಿ ಎಂಬ ಒಂದು ಪ್ರಶ್ನೆಗೇ ಬಹಳಷ್ಟು ಗೊತ್ತಾಗುತ್ತದೆ. ಇನ್ನು ಹಾಸ್ಟೆಲ್‌ನಲ್ಲಿ ಹಂಚುವ ಪುಡಿ, ಮಾತ್ರೆಗಳ ಮಾತು. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದವರು. ಮರುವರ್ಷ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಕೊಂಡರು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಹೀಗಾಯಿತು ಎಂದು ವಾದಿಸಿದರೂ ನಿಷೇಧ ತಪ್ಪಲಿಲ್ಲ. ಒಂದು ವರ್ಷದ್ದು ಮೇಲ್ಮನವಿಯಲ್ಲಿ ಎರಡಾಯಿತು. ಕೊಟ್ಟವರು ಯಾರೇ ಇರಲಿ, ನಿಯಮ ಹಿಡಿಯುವುದು ನುಂಗಿದವರನ್ನು.

ನನ್ನ ವಾದಕ್ಕೆ ಗಟ್ಟಿ ಆಕ್ಷೇಪ ಹೊಟ್ಟೆಪಾಡಿನದು. 28ರವರೆಗೆ ಕಾಯುವ ಶಕ್ತಿ ಯಾವ ರೈತನಿಗಿದೆ, 21ಕ್ಕೆ ಒಂದು ಪದಕ, ಅದರ ಮೇಲೆ ರೈಲ್ವೆಯಲ್ಲೋ ಪೊಲೀಸ್‌ನಲ್ಲೋ ಕ್ರೀಡಾ ಕೋಟಾದ ನೌಕರಿ, ಅಷ್ಟಾದರೆ ಸಾಲದೇ? ಸಾಕು, ಖಂಡಿತ ಸಾಕು. ನೌಕರಿಗಾಗಿ ಓಡುವುದು ಕೀಳು ಎಂದು ನಾನು ಒಪ್ಪುವುದಿಲ್ಲ. ಆದರೆ ಆ ಪದಕ ಬರಬೇಕಾದರೂ ಮೂರನೇ ವರ್ಷದಲ್ಲಿ ಕಾಲು ನೆಟ್ಟಗಿರಬೇಕು. ಮೊದಲ ವರ್ಷವೇ ಹಿಂಡಿದ ಹುಡುಗನಿಗೆ ಪದಕವೂ ಇಲ್ಲ, ಸಾಬ್ಳೆಯ ದಾರಿಯೂ ಇಲ್ಲ. ನೌಕರಿಯೇ ಗುರಿಯಾದರೆ ಹುಡುಗರಿಗೆ ಸೈನ್ಯ ಎಷ್ಟೋ ಕಾಲೇಜುಗಳಿಗಿಂತ ಒಳ್ಳೆಯ ಓಟದ ಶಾಲೆ. ಸಂಬಳ, ಊಟ, ನಿದ್ದೆ ಮೂರೂ ಅಲ್ಲಿವೆ. ಹುಡುಗಿಯರಿಗೆ ಆ ಬಾಗಿಲು ಇಷ್ಟು ಅಗಲವಾಗಿಲ್ಲ. ಹಾಗಾಗಿ ಕಾಲೇಜಿನ ಆಯ್ಕೆ ಅವರಿಗೆ ಇನ್ನೂ ಬಿಗಿಯಾದ ಪ್ರಶ್ನೆ, ಪದವಿಯ ಮೌಲ್ಯವೂ ಅವರಿಗೆ ಹೆಚ್ಚು.

ಇನ್ನೊಂದು ಮಾತು ಕೇಳಿಬರುತ್ತದೆ: ಎಲ್ಲರೂ ಸೇರುವ ದೊಡ್ಡ ಕಡೆಗೇ ಸೇರಿಸಿ, ಜೊತೆ ಓಡುವವರು ಸಿಗುತ್ತಾರೆ. ಇದರಲ್ಲಿ ಹುರುಳಿದೆ. ಮೂಡುಬಿದಿರೆಯ ಆಳ್ವಾಸ್ ಕಾಲೇಜು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುವುದರಿಂದಲೇ ಬಡವರ ಮಕ್ಕಳೆಷ್ಟೋ ಮಂದಿ ಸಿಂಥೆಟಿಕ್ ಟ್ರ್ಯಾಕ್ ಮೆಟ್ಟಿದ್ದಾರೆ. ಒಬ್ಬಂಟಿಯಾಗಿ ಓಡಿ ಬೆಳೆದವರು ಕಡಿಮೆ. ಆದರೆ ಜೊತೆ ಅಂದರೆ ನಮ್ಮವನಿಗಿಂತ ಸ್ವಲ್ಪ ಮುಂದಿರುವ ನಾಲ್ಕೈದು ಮಂದಿ. ಒಂದೇ ಜಾಗಕ್ಕೆ ಹೊಡೆದಾಡುವ ನಲವತ್ತು ಮಂದಿ ಆದರೆ ಪ್ರತಿ ಬೆಳಗ್ಗೆಯೂ ಸೆಲೆಕ್ಷನ್ ಟ್ರಯಲ್ಲೇ. ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ: ಕರಾವಳಿಯ ಸೆಕೆಯಲ್ಲಿ ಏಪ್ರಿಲ್‌ನ ಉದ್ದದ ಓಟ ಬೆಳಿಗ್ಗೆ ಆರಕ್ಕೆ ಮುಗಿದಿರಬೇಕು. ‘ನಮ್ಮದು ಎತ್ತರದ ಊರು, ಆಲ್ಟಿಟ್ಯೂಡ್ ಟ್ರೈನಿಂಗ್’ ಎಂದು ಬ್ರೋಷರಿನಲ್ಲಿ ಹಾಕುವವರನ್ನು ಮಾತ್ರ ನಂಬಬೇಡಿ. ಬೆಂಗಳೂರು ಸಾವಿರ ಮೀಟರನ್ನೂ ಮುಟ್ಟುವುದಿಲ್ಲ. ಅಂಥ ತರಬೇತಿಗೆ ನಮ್ಮವರು ಹೋಗುವುದು 2,200 ಮೀಟರ್ ಎತ್ತರದ ಊಟಿಗೆ.

ಕಾಲೇಜು ನೋಡಲು ಹೋಗುವುದಾದರೆ ವಾರ್ಷಿಕ ಕ್ರೀಡಾಕೂಟದ ದಿನ ಹೋಗಬೇಡಿ. ಯಾವುದೋ ಬುಧವಾರ, ಹೇಳದೆ ಕೇಳದೆ, ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಹೋಗಿ. ಓಡುತ್ತಿರುವವರನ್ನು ಬಿಡಿ, ಬೇಲಿಯ ಹತ್ತಿರ ಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಕೂತವರು ಎಷ್ಟು ಮಂದಿ ಎಂದು ಎಣಿಸಿ. ಕೋಚ್ ಅವರ ಹತ್ತಿರ ಹೋಗಿ ಮಾತಾಡುತ್ತಾರೋ ಇಲ್ಲವೋ ನೋಡಿಕೊಂಡು ಬನ್ನಿ.