ಕರಗಿಹೋದ ಕಟ್ಟೆ

ಮಲೆನಾಡಿನಲ್ಲಿ ಶರಾವತಿ, ಕಾಳಿ ಮೊದಲಾದ ನದಿಗಳು ಸಹ್ಯಾದ್ರಿಯನ್ನು ಸೀಳಿಕೊಂಡು ಇಳಿಯುವೆಡೆ ಕಣಿವೆಯ ತಳವು ಕಿರಿದಾಗಿದ್ದು, ಮೇಲಕ್ಕೆ ಹೋದಂತೆ ಅಗಲವಾಗುವುದನ್ನು ನಾವು ಕಂಡಿದ್ದೇವೆ. ಹಿಮನದಿಯ ಕೆಲಸ ಇದಕ್ಕಿಂತ ಬೇರೆ. ನೂರಾರು ಅಡಿ ದಪ್ಪದ ಮಂಜುಗಡ್ಡೆಯು ತನ್ನ ಭಾರದಿಂದಲೇ ಮೆಲ್ಲಮೆಲ್ಲನೆ ಜಾರುತ್ತ ಕಣಿವೆಯ ತಳವನ್ನೂ ಪಕ್ಕಗಳನ್ನೂ ಒಟ್ಟಿಗೆ ಸವೆಸುತ್ತದೆ. ಅದು ಕರಗಿದ ಮೇಲೆ ತೊಟ್ಟಿಯಂತೆ ಅಗಲ ತಳದ, ಕಡಿದಾದ ಪಕ್ಕಗಳ ಕಣಿವೆ ಉಳಿಯುತ್ತದೆ. ಹಿಮದಡಿ ಸಿಕ್ಕ ಕಲ್ಲುಗಳು ಬಂಡೆಯ ಮೇಲೆ ಒಂದೇ ದಿಕ್ಕಿಗೆ ಗೀರುಗಳನ್ನೆಳೆದಿರುತ್ತವೆ. ಹೊತ್ತು ತಂದ ಕಲ್ಲುಮಣ್ಣು ಹಿಮದ ಅಂಚಿನಲ್ಲಿ ದಿಬ್ಬವಾಗಿ ನಿಲ್ಲುತ್ತದೆ. ಇಂಥ ದಿಬ್ಬಕ್ಕೆ ಮೊರೇನ್ ಎಂದು ಹೆಸರು. (ಹಂಪೆಯಲ್ಲಿ ಒಂದರ ಮೇಲೊಂದು ಕುಳಿತ ಹೆಬ್ಬಂಡೆಗಳನ್ನು ಕಂಡು ಅವನ್ನೂ ಹಿಮವೇ ತಂದಿಟ್ಟಿತೆಂದು ವಿದ್ಯಾರ್ಥಿಗಳು ಊಹಿಸಬಾರದು. ಅವು ಬಿಸಿಲು ಮಳೆಗಳಿಂದ ಬಿರುಕುಗಳ ಗುಂಟ ಶಿಥಿಲಗೊಂಡು, ಇದ್ದಲ್ಲಿಯೇ ದುಂಡಾದ ಕಲ್ಲುಗಳು.)

ಈ ಗುರುತುಗಳನ್ನು ಓದುವುದು ಇಂದು ಶಾಲೆಯ ಪಾಠ. ಒಂದು ಕಾಲದಲ್ಲಿ ಅವು ಚಾರ್ಲ್ಸ್ ಡಾರ್ವಿನ್ನನಂತಹ ಸೂಕ್ಷ್ಮದೃಷ್ಟಿಯ ವಿಜ್ಞಾನಿಯನ್ನೂ ವಂಚಿಸಿದವು. 1831ರ ಆಗಸ್ಟಿನಲ್ಲಿ, ಇಪ್ಪತ್ತೆರಡರ ತರುಣನಾಗಿದ್ದ ಡಾರ್ವಿನ್ನನು ತನ್ನ ಗುರು ಆಡಮ್ ಸೆಜ್‌ವಿಕ್ಕನೊಡನೆ ವೇಲ್ಸ್ ಪ್ರಾಂತದ ಕುಮ್ ಇಡ್ವಾಲ್ ಎಂಬ ಗಿರಿಕಂದರಕ್ಕೆ ಹೋದನು. ಮೂರು ಕಡೆ ಕಡಿದಾದ ಬಂಡೆಗೋಡೆ, ನಡುವೆ ಒಂದು ಸಣ್ಣ ಸರೋವರ, ಅದರ ಸುತ್ತ ಮೊರೇನ್ ದಿಬ್ಬಗಳು, ಗೀರುಬಿದ್ದ ಬಂಡೆಗಳು. ಇಬ್ಬರೂ ಗಂಟೆಗಟ್ಟಲೆ ಅಲ್ಲಿ ಪಳೆಯುಳಿಕೆಗಳಿಗಾಗಿ ಹುಡುಕಿದರು. ಹಿಮದ ಕುರುಹು ಒಂದೂ ಅವರ ಗಮನಕ್ಕೆ ಬರಲಿಲ್ಲ. ಯೂರೋಪನ್ನು ಹಿಂದೊಮ್ಮೆ ವಿಶಾಲವಾದ ಹಿಮರಾಶಿ ಆವರಿಸಿತ್ತೆಂದು ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿಜ್‌ನು ಸಾರಿದ್ದು 1837ರಲ್ಲಿ. 1842ರಲ್ಲಿ ಡಾರ್ವಿನ್ನನು ಅದೇ ಸ್ಥಳಕ್ಕೆ ಮರಳಿದಾಗ ಎಲ್ಲವೂ ನಿಚ್ಚಳವಾಗಿ ಕಂಡಿತು. ಬೆಟ್ಟ ಬದಲಾಗಿರಲಿಲ್ಲ.

ಈ ಎರಡು ಭೇಟಿಗಳ ನಡುವೆ, 1838ರಲ್ಲಿ, ಆತನು ಇನ್ನೂ ದೊಡ್ಡ ತಪ್ಪೊಂದನ್ನು ಮಾಡಿದ್ದನು. ಸ್ಕಾಟ್ಲೆಂಡಿನ ಗ್ಲೆನ್ ರಾಯ್ ಕಣಿವೆಯ ಇಳಿಜಾರುಗಳಲ್ಲಿ, ಯಾರೋ ರಸ್ತೆ ಕಡಿದಂತೆ, ಮೂರು ಗೆರೆಗಳು ಒಂದರ ಮೇಲೊಂದು ಸಮಾನಾಂತರವಾಗಿ ಸಾಗುತ್ತವೆ. ಸಮುದ್ರಮಟ್ಟದಿಂದ ಅವುಗಳ ಎತ್ತರ ಸುಮಾರು 260, 325 ಮತ್ತು 350 ಮೀಟರು. ಪುರಾತನ ವೀರರು ಬೇಟೆಗಾಗಿ ಮಾಡಿಸಿದ ದಾರಿಗಳೆಂದು ಅಲ್ಲಿನ ಐತಿಹ್ಯ. ಅವು ನೀರಿನ ದಡಗಳೆಂಬುದು ಡಾರ್ವಿನ್ನನಿಗೆ ಹೊಳೆಯಿತು. ಆದರೆ ಯಾವ ನೀರು? ಸರೋವರವಾಗಿದ್ದರೆ ಕಣಿವೆಯ ಬಾಯಿಗೆ ಕಟ್ಟೆಯೊಂದು ಇರಬೇಕಿತ್ತು. ಅಷ್ಟು ಎತ್ತರದ ಕಟ್ಟೆಯ ಅವಶೇಷ ಎಲ್ಲಿಯೂ ಇರಲಿಲ್ಲ. ಸರೋವರವಲ್ಲವೆಂದ ಮೇಲೆ ಸಮುದ್ರವೇ ಸರಿ ಎಂದು ಆತನು ತೀರ್ಮಾನಿಸಿದನು. ಇದಕ್ಕೆ ಕಾರಣವೂ ಇತ್ತು: 1835ರಲ್ಲಿ ಚಿಲಿ ದೇಶದಲ್ಲಿ ಭೂಕಂಪದಿಂದ ಕರಾವಳಿ ಮೇಲೆದ್ದುದನ್ನು ಆತನು ಕಣ್ಣಾರೆ ಕಂಡಿದ್ದನು. ಗ್ಲೆನ್ ರಾಯ್ ದಡಗಳಲ್ಲಿ ಕಡಲ ಚಿಪ್ಪೊಂದೂ ಸಿಕ್ಕದಿದ್ದರೂ ಅದಕ್ಕೊಂದು ಸಮಾಧಾನ ಹೇಳಿಕೊಂಡು, 1839ರಲ್ಲಿ ದೀರ್ಘ ಪ್ರಬಂಧವನ್ನು ಪ್ರಕಟಿಸಿದನು.

ಮರುವರ್ಷವೇ ಅಗಾಸಿಜ್‌ನು ಅಲ್ಲಿಗೆ ಬಂದು, ಕಟ್ಟೆಯಾಗಿ ನಿಂತಿದ್ದುದು ಹಿಮನದಿಯೇ ಎಂದನು. ಕರಗಿಹೋಗುವ ಕಟ್ಟೆಗೆ ಅವಶೇಷವಾದರೂ ಎಲ್ಲಿಯದು!

ಮೂರೇ ಗೆರೆಗಳೇಕೆ ಎಂಬುದನ್ನು ನಮ್ಮ ಊರ ಕೆರೆಯ ಕೋಡಿಯನ್ನು ಬಲ್ಲವರು ಸುಲಭವಾಗಿ ತಿಳಿಯಬಹುದು. ಕೆರೆ ಕೋಡಿಬಿದ್ದ ಮೇಲೆ ನೀರಿನ ಮಟ್ಟ ಏರದು. ಸುಮಾರು 12,900 ವರ್ಷಗಳಿಂದ 11,700 ವರ್ಷಗಳ ಹಿಂದಿನವರೆಗೆ ನಡೆದ ಒಂದು ಕಡುಚಳಿಯ ಅವಧಿಯಲ್ಲಿ ಹಿಮನದಿಗಳು ಮುಂದೊತ್ತಿ ಬಂದು ಕೆಳಗಿನ ಸ್ಪೀನ್ ಕಣಿವೆಯನ್ನು ಮುಚ್ಚಿದವು. ಅಲ್ಲಿ ನಿಂತ ನೀರು 260 ಮೀಟರ್ ಎತ್ತರದ ಕಣಿವೆದಾರಿಯಿಂದ ಕೋಡಿ ಹರಿಯಿತು. ಹಿಮವು ಮತ್ತಷ್ಟು ಮುಂದೆ ಬಂದು ಗ್ಲೆನ್ ರಾಯಿಗೆ ಆ ದಾರಿಯನ್ನು ಕಟ್ಟಿದಾಗ ನೀರೇರಿ 325ರ ಕೋಡಿಯನ್ನು, ಅದೂ ಮುಚ್ಚಿದಾಗ ಕಣಿವೆಯ ನೆತ್ತಿಯಲ್ಲಿದ್ದ 350ರ ಕೋಡಿಯನ್ನು ಸೇರಿತು. ಪ್ರತಿ ಮಟ್ಟದಲ್ಲಿ ನೀರು ದೀರ್ಘಕಾಲ ನಿಂತು, ಅಲೆ ಹಾಗೂ ಹೆಪ್ಪುಗಟ್ಟುವಿಕೆಗಳಿಂದ ದಡವನ್ನು ಕಡಿಯಿತು. ಹಿಮ ಹಿಂಜರಿದಾಗ ಅದೇ ಮೆಟ್ಟಿಲುಗಳನ್ನು ಇಳಿಯಿತು. ಮೇಲಿನ ಎರಡು ಗೆರೆಗಳು ಗ್ಲೆನ್ ರಾಯಿಯಲ್ಲಿ ಮಾತ್ರ ಉಳಿದು, ಕೆಳಗಿನ ಗೆರೆ ಸ್ಪೀನ್ ಕಣಿವೆಯಲ್ಲಿಯೂ ಮುಂದುವರಿಯುವುದಕ್ಕೆ ಇದೇ ಕಾರಣ. ಸಮುದ್ರವಾಗಿದ್ದರೆ ಅದಕ್ಕೆ ಈ ಪಕ್ಷಪಾತವೇಕೆ?

ಡಾರ್ವಿನ್ನನು ಇಷ್ಟಕ್ಕೇ ಒಪ್ಪಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಡಲಿನ ವಾದವನ್ನೇ ಹಿಡಿದಿದ್ದನು. 1861ರಲ್ಲಿ ಟಾಮಸ್ ಜೇಮಿಸನ್ ಎಂಬ ಸ್ಕಾಟ್ಲೆಂಡಿನವನು ಸ್ಥಳವನ್ನು ಪರಿಶೀಲಿಸಿ ಹಿಮದ ಕಟ್ಟೆಗೆ ಸಾಕ್ಷ್ಯಗಳನ್ನು ಮುಂದಿಟ್ಟಾಗ, ಡಾರ್ವಿನ್ನನು ತನ್ನ ಪ್ರಬಂಧವು ಮೊದಲಿನಿಂದ ಕೊನೆಯವರೆಗೆ ತಪ್ಪೆಂದು ಮಿತ್ರನಾದ ಲಯಲ್‌ನಿಗೆ ಪತ್ರ ಬರೆದನು. ಆ ವೇಳೆಗೆ ಆತನು ಜಗತ್ಪ್ರಸಿದ್ಧನಾಗಿದ್ದನು. ಹಳೆಯ ಪ್ರಬಂಧದ ವಿಷಯದಲ್ಲಿ ಸುಮ್ಮನಿದ್ದರೂ ಕೇಳುವವರಿರಲಿಲ್ಲ. ಆದರೂ ತನ್ನ ಆತ್ಮಚರಿತ್ರೆಯಲ್ಲಿ ಮತ್ತೆ ಅದನ್ನೇ ಎತ್ತಿ, ತಾನು ನಾಚಿಕೆಪಡುವ ಬರಹವೆಂದು ದಾಖಲಿಸಿದನು.