ಕೊಳಚೆನೀರು ಬೇಡುವ ಆಮ್ಲಜನಕ

ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಅದನ್ನು ಶುದ್ಧವೆಂದು ಭಾವಿಸುವುದು ನಮ್ಮ ವಾಡಿಕೆ. ಆದರೆ ನೀರಿಗೆ ಸಕ್ಕರೆ ಬೆರೆಸಿದರೂ ಅದು ತಿಳಿಯಾಗಿಯೇ ಇರುವುದಷ್ಟೆ! ಸಕ್ಕರೆ ವಿಷವಲ್ಲ, ಆದರೂ ಕಾರ್ಖಾನೆಯ ಕಾಕಂಬಿ ಸೋರಿ ಹಳ್ಳವನ್ನು ಸೇರಿದರೆ ಮೀನುಗಳು ಸಾಯುತ್ತವೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುವುದೇ ಇದಕ್ಕೆ ಕಾರಣ. ಹೀಗೆ ಕೊಳೆಯನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಮೊತ್ತವನ್ನು ಜೈವಿಕ ಆಮ್ಲಜನಕ ಬೇಡಿಕೆ, ಸಂಕ್ಷೇಪವಾಗಿ ಬಿ.ಓ.ಡಿ., ಎನ್ನುವರು.

ಇದನ್ನು ಅಳೆಯುವುದರಲ್ಲಿ ಒಂದು ತೊಡಕುಂಟು. 27 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಲೀಟರು ಶುದ್ಧಜಲವು ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ ಹಿಡಿದಿಡಬಲ್ಲದು. ಊರಿನ ಚರಂಡಿನೀರಾದರೋ ಲೀಟರಿಗೆ 200 ಮಿಲಿಗ್ರಾಮಿನಷ್ಟನ್ನು ಬೇಡಬಹುದು. ಅದನ್ನು ಹಾಗೆಯೇ ಸೀಸೆಗೆ ತುಂಬಿಟ್ಟರೆ ಇದ್ದ ಆಮ್ಲಜನಕವು ಬೇಗನೆ ಬರಿದಾಗಿ, ಇನ್ನೆಷ್ಟು ಬೇಕಾಗಿತ್ತೆಂಬುದು ತಿಳಿಯದೆ ಹೋಗುವುದು. ಆದುದರಿಂದ ಗಾಳಿಯಾಡಿಸಿ, ಜೀವಿಗಳ ಪೋಷಣೆಗೆ ಬೇಕಾದ ಲವಣಗಳನ್ನು ಕೂಡಿಸಿದ ಭಟ್ಟಿಯಿಳಿಸಿದ ನೀರಿನಿಂದ ಅದನ್ನು ತೆಳುವಾಗಿಸುತ್ತಾರೆ.

300 ಮಿಲಿಲೀಟರಿನ ಎರಡು ಸೀಸೆಗಳಿಗೆ 6 ಮಿಲಿಲೀಟರಿನಂತೆ ಚರಂಡಿನೀರನ್ನು ಹಾಕಿ, ಮೇಲೆ ಹೇಳಿದ ನೀರನ್ನು ಕಂಠದವರೆಗೂ ತುಂಬಿ ಬಿರಡೆಯಿಡಬೇಕು. ಒಳಗೆ ಒಂದು ಗಾಳಿಗುಳ್ಳೆಯೂ ಉಳಿಯಬಾರದು. ಉಳಿದರೆ ಅದರ ಆಮ್ಲಜನಕವು ನೀರಿಗಿಳಿದು, ಕೊಳೆಯು ನಿಜಕ್ಕಿಂತ ಕಡಿಮೆಯೆಂದು ತೋರುವುದು. ಒಂದು ಸೀಸೆಯನ್ನು ಕೂಡಲೇ ಪರೀಕ್ಷಿಸಿ, ಇನ್ನೊಂದನ್ನು ಕತ್ತಲೆಯಲ್ಲಿಡಬೇಕು. ಬೆಳಕು ತಗಲಿದರೆ ಪಾಚಿಯು ಆಮ್ಲಜನಕವನ್ನು ತಾನೇ ಉತ್ಪಾದಿಸಿ ಲೆಕ್ಕವನ್ನು ಕೆಡಿಸುತ್ತದೆ.

ಕರಗಿದ ಆಮ್ಲಜನಕವನ್ನು ಅಳೆಯುವ ಸೊಗಸಾದ ವಿಧಾನವನ್ನು ಹಂಗೆರಿಯ ರಸಾಯನಜ್ಞ ವಿಂಕ್ಲರ್ 1888ರಲ್ಲಿ ಪ್ರಕಟಿಸಿದನು. ಮ್ಯಾಂಗನೀಸ್ ಸಲ್ಫೇಟನ್ನೂ ಅಯೊಡೈಡ್ ಬೆರೆತ ಕ್ಷಾರವನ್ನೂ ಹಾಕಿದಾಗ ಆಮ್ಲಜನಕವಿದ್ದರೆ ಕಂದುಬಣ್ಣದ ಗಸಿ ಇಳಿಯುವುದು. ಇಲ್ಲದಿದ್ದರೆ ಅದು ಬಿಳಿಯಾಗಿಯೇ ಇರುವುದು. ಗಂಧಕಾಮ್ಲವನ್ನು ಸೇರಿಸಿದೊಡನೆ ಗಸಿ ಕರಗಿ, ಆಮ್ಲಜನಕಕ್ಕೆ ಸರಿಸಮನಾದ ಅಯೊಡಿನ್ ಬಿಡುಗಡೆಯಾಗುತ್ತದೆ. ಪಿಷ್ಟದಿಂದ ನೀಲಿಯಾದ ಆ ದ್ರಾವಣದ ಬಣ್ಣ ಅಳಿಯಲು ಎಷ್ಟು ಥಯೋಸಲ್ಫೇಟ್ ಬೇಕಾಯಿತೆಂಬುದೇ ಆಮ್ಲಜನಕದ ಅಳತೆ.

ಮೊದಲು 7.6 ಇದ್ದುದು ಕೊನೆಗೆ 3.4ಕ್ಕೆ ಇಳಿದಿದೆಯೆಂದು ಭಾವಿಸೋಣ. ವ್ಯತ್ಯಾಸ 4.2, ತೆಳುವಾಗಿಸಿದ್ದು 50 ಪಟ್ಟು, ಆದ್ದರಿಂದ ಬಿ.ಓ.ಡಿ. ಲೀಟರಿಗೆ 210 ಮಿಲಿಗ್ರಾಂ. ನದಿನೀರಿನ 8 ಮಿಲಿಗ್ರಾಮಿನಲ್ಲಿ ಮೀನಿಗಾಗಿ 4ನ್ನು ಉಳಿಸಬೇಕಾದರೆ, ಇಂತಹ ಒಂದು ಲೀಟರು ಚರಂಡಿನೀರಿನ ಬೇಡಿಕೆಗೆ 52 ಲೀಟರಿಗೂ ಮಿಕ್ಕ ನದಿನೀರು ಬೇಕು. ಹರಿಯುವ ನೀರು ಗಾಳಿಯಿಂದ ಆಮ್ಲಜನಕವನ್ನು ಮರಳಿ ಪಡೆಯುವುದೇನೋ ನಿಜ. ಆದರೆ ವೈಶಾಖದಲ್ಲಿ ನಮ್ಮ ಎಷ್ಟು ಹೊಳೆಗಳು ಹರಿಯುತ್ತವೆ?

ಸೀಸೆಯನ್ನು ಎಷ್ಟು ದಿನ ಇಡಬೇಕು? ಬ್ರಿಟನ್ನಿನ ರಾಯಲ್ ಕಮಿಷನ್ 1912ರ ವರದಿಯಲ್ಲಿ 65 ಡಿಗ್ರಿ ಫಾರನ್‌ಹೀಟಿನಲ್ಲಿ 5 ದಿನವೆಂದಿತು. ಅಲ್ಲಿಯ ನದಿಗಳು ಅಷ್ಟರೊಳಗೆ ಕಡಲನ್ನು ಸೇರುತ್ತವೆಂಬುದು ಇದಕ್ಕೆ ಹೇಳುವ ಕಾರಣ. ನಮ್ಮದು ಬಿಸಿಲಿನ ನಾಡು. ಇಲ್ಲಿ ಸೂಕ್ಷ್ಮಜೀವಿಗಳ ಕೆಲಸ ಚುರುಕು. ಆದುದರಿಂದ ಭಾರತದ ಮಾನಕವು 27 ಡಿಗ್ರಿ ಸೆಂಟಿಗ್ರೇಡಿನಲ್ಲಿ 3 ದಿನವೆಂದು ಗೊತ್ತುಮಾಡಿದೆ. 1986ರ ಪರಿಸರ ಸಂರಕ್ಷಣಾ ನಿಯಮಗಳಡಿಯ ಸಾಮಾನ್ಯ ಮಾನದಂಡದಂತೆ ಒಳನಾಡಿನ ಜಲಾಶಯಗಳಿಗೂ ನದಿಗಳಿಗೂ ಬಿಡುವ ತ್ಯಾಜ್ಯಜಲದಲ್ಲಿ ಈ ಸಂಖ್ಯೆ 30ನ್ನು ಮೀರಕೂಡದು.

ಆದರೆ ಸಂಖ್ಯೆ ಚಿಕ್ಕದಾದ ಮಾತ್ರಕ್ಕೆ ನೀರು ನಿರಪಾಯವೆನ್ನಲಾಗದು. ಚರ್ಮ ಹದಮಾಡುವಲ್ಲಿನ ಕ್ರೋಮಿಯಮ್ಮಿನಂತಹ ವಿಷವಿದ್ದರೆ ಸೀಸೆಯೊಳಗಿನ ಜೀವಿಗಳೇ ಸತ್ತು, ಉಸಿರಾಡುವವರಿಲ್ಲದೆ ಬೇಡಿಕೆ ಅಲ್ಪವೆಂದು ತೋರುವುದು. ಅದಕ್ಕಾಗಿ ಪೊಟ್ಯಾಸಿಯಂ ಡೈಕ್ರೋಮೇಟಿನೊಡನೆ ಕುದಿಸುವ ರಾಸಾಯನಿಕ ಪರೀಕ್ಷೆಯನ್ನೂ ಜೊತೆಗೆ ಮಾಡುವರು. ಅದರ ಉತ್ತರ ಕೆಲವೇ ಗಂಟೆಗಳಲ್ಲಿ ದೊರೆಯುತ್ತದೆ. ಜೈವಿಕ ಪರೀಕ್ಷೆಯ ಉತ್ತರಕ್ಕೆ ಮೂರು ದಿನ ಕಾಯಬೇಕು, ಅಷ್ಟರಲ್ಲಿ ಆ ನೀರು ಕೆಳಗಿನ ಊರನ್ನು ದಾಟಿರುತ್ತದೆ.