‘ಇಲ್‌ಮ್ಯಾಟಿಕ್’: ಒಂದು ಧ್ವನಿಮುದ್ರಿಕೆಯ ಪಾಠ
— ಅಂತಿಮ ಬಿ.ಎ. ವಿದ್ಯಾರ್ಥಿ

ಹಿಪ್-ಹಾಪ್ ಎಂಬ ಹೆಸರನ್ನು ಕೇಳಿದೊಡನೆಯೇ ನಮ್ಮಲ್ಲಿ ಅನೇಕರು ಮೂಗು ಮುರಿಯುವುದುಂಟು. ಅದು ಗದ್ದಲವೇ ಹೊರತು ಸಂಗೀತವಲ್ಲ, ಬೈಗುಳವೇ ಹೊರತು ಸಾಹಿತ್ಯವಲ್ಲ ಎಂಬುದು ಅವರ ವಾದ. ಎರಡು ವರ್ಷಗಳ ಹಿಂದೆ ನಾನೂ ಹಾಗೆಯೇ ತಿಳಿದಿದ್ದೆ. ಈ ವರ್ಷ ಐಚ್ಛಿಕ ಇಂಗ್ಲಿಷಿನ ವಿದ್ಯಾರ್ಥಿಗಳು ತಮಗೆ ಮೆಚ್ಚಿಗೆಯಾದ ಒಂದು ಕೃತಿಯನ್ನು ಕಿರಿಯರಿಗೆ ಪಾಠ ಹೇಳಬೇಕೆಂದು ನಮ್ಮ ಅಧ್ಯಾಪಕರು ಅಪ್ಪಣೆ ಮಾಡಿದರು. ನಾನು ಆರಿಸಿಕೊಂಡದ್ದು ಪುಸ್ತಕವನ್ನಲ್ಲ, ಅಮೆರಿಕದ ನಾಸ್ ಎಂಬವನ ‘ಇಲ್‌ಮ್ಯಾಟಿಕ್’ ಎಂಬ ಧ್ವನಿಮುದ್ರಿಕೆಯನ್ನು. ಆ ಪಾಠದಿಂದ ನಾನು ಕಲಿತದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ನೋಡೋಣ. ಹಿಪ್-ಹಾಪ್ ಹುಟ್ಟಿದ್ದು 1973ನೆಯ ಇಸವಿ ಆಗಸ್ಟ್ 11ರಂದು, ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ನಡೆದ ಒಂದು ಸಂತೋಷಕೂಟದಲ್ಲಿ ಎಂದು ಹೇಳುವುದು ವಾಡಿಕೆ. ಅಲ್ಲಿ ಕೂಲ್ ಹರ್ಕ್ ಎಂಬ ಯುವಕನು ಹಾಡುಗಳ ನಡುವೆ ಬರುವ ಬರಿಯ ಡ್ರಮ್ಮಿನ ಭಾಗಕ್ಕೆ ಜನ ಹೆಚ್ಚು ಕುಣಿಯುವುದನ್ನು ಗಮನಿಸಿದ್ದನು. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟು ಆ ಭಾಗವನ್ನೇ ಮತ್ತೆ ಮತ್ತೆ ನುಡಿಸುವ ಉಪಾಯವನ್ನು ಅವನು ಕಂಡುಕೊಂಡನು. ಅದರ ಮೇಲೆ ಲಯಬದ್ಧವಾಗಿ ಮಾತನಾಡುವ ರೂಢಿ ಬೆಳೆದು ರ‍್ಯಾಪ್ ಆಯಿತು.

ನಾಸಿರ್ ಜೋನ್ಸ್ ಹುಟ್ಟಿದ್ದೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಅವನು ಬೆಳೆದದ್ದು ಕ್ವೀನ್ಸ್‌ಬ್ರಿಜ್ ಎಂಬ ಸರಕಾರಿ ವಸತಿಗಳಲ್ಲಿ. 1939ರಲ್ಲಿ ತೆರೆದ ಆ ವಸತಿಯಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಮನೆಗಳಿವೆ. ಎಂಟನೆಯ ತರಗತಿಗೇ ಶಾಲೆ ಬಿಟ್ಟ ಈತನ ಗೆಳೆಯನೊಬ್ಬ 1992ರಲ್ಲಿ ಗುಂಡಿಗೆ ಬಲಿಯಾದನು. 1994ರ ಏಪ್ರಿಲ್‌ನಲ್ಲಿ ‘ಇಲ್‌ಮ್ಯಾಟಿಕ್’ ಹೊರಬಂದಾಗ ನಾಸ್‌ಗೆ ಇಪ್ಪತ್ತೇ ವಯಸ್ಸು. ಈಗ ನನಗಿರುವುದೂ ಅಷ್ಟೇ ವಯಸ್ಸು. ಹತ್ತು ಭಾಗಗಳು, ಸುಮಾರು ನಲವತ್ತು ನಿಮಿಷ. ಇಷ್ಟೇ ಅದರ ಗಾತ್ರ.

ನನ್ನ ಮೊದಲ ಪಾಠವು ಪೂರ್ತಿ ಕೆಟ್ಟುಹೋಯಿತೆಂದು ಒಪ್ಪಿಕೊಳ್ಳಬೇಕು. ಎರವಲು ತಂದ ಸ್ಪೀಕರಿನಲ್ಲಿ ಹಾಡನ್ನು ಜೋರಾಗಿ ಹಾಕಿ, “ಹೇಗಿದೆ?” ಎಂದು ಕೇಳಿದೆ. ತರಗತಿ ನಕ್ಕಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಅಣ್ಣಾ, ಇದರಲ್ಲಿ ಹಾಡು ಎಲ್ಲಿದೆ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾನು ಹಾಡನ್ನು ಮೆಚ್ಚಿದ್ದೆನೇ ಹೊರತು ಕಿವಿಗೊಟ್ಟು ಕೇಳಿರಲಿಲ್ಲವೆಂಬುದು ಆಗ ತಿಳಿಯಿತು.

ಮುಂದಿನ ವಾರ ಮೂರು ಸಲ ಕೇಳುವ ಕ್ರಮವನ್ನು ಹಾಕಿಕೊಂಡೆ. ಮೊದಲನೆಯದು ಲಯಕ್ಕಾಗಿ. ಎರಡನೆಯ ಭಾಗವಾದ ‘ಎನ್.ವೈ. ಸ್ಟೇಟ್ ಆಫ್ ಮೈಂಡ್’ ಹಾಕಿ, ಅರ್ಥದ ಗೊಡವೆಯೇ ಬೇಡ, ಬೆಂಚಿನ ಮೇಲೆ ನಾಲ್ಕು ನಾಲ್ಕಾಗಿ ತಾಳ ಹಾಕಿರಿ ಎಂದೆ. ಎರಡನೆಯ ಮತ್ತು ನಾಲ್ಕನೆಯ ಪೆಟ್ಟುಗಳು ಗಟ್ಟಿಯಾಗಿ ಬೀಳುವುದನ್ನು ಎಲ್ಲರೂ ಕಂಡುಕೊಂಡರು. ಹಳೆಯ ಜ್ಯಾಸ್ ತಟ್ಟೆಯೊಂದರಿಂದ ಕತ್ತರಿಸಿದ ಪಿಯಾನೋ ತುಣುಕು ಮರಳಿ ಮರಳಿ ಬರುವುದನ್ನೂ ಗುರುತಿಸಿದರು. ಇದನ್ನು ಹೀಗೆ ಜೋಡಿಸಿದವನು ಡಿ.ಜೆ. ಪ್ರೀಮಿಯರ್. ಆರಂಭದಲ್ಲಿ ನಾಸ್ ಹೇಗೆ ತೊಡಗಬೇಕೆಂದು ತೋಚದೆ ಒಂದು ಕ್ಷಣ ತಡವರಿಸುತ್ತಾನೆ. ಅದನ್ನು ಅಳಿಸದೆ ಹಾಗೆಯೇ ಉಳಿಸಿದ್ದಾರೆ. ಅದನ್ನು ಕೇಳಿ ನನಗೂ ಧೈರ್ಯ ಬಂದಿತು.

ಎರಡನೆಯದು ಪ್ರಾಸಕ್ಕಾಗಿ. ಹಳಗನ್ನಡದಲ್ಲಿ ಪ್ರಾಸವು ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿರುವುದನ್ನು ನಾವೆಲ್ಲರೂ ಓದಿದ್ದೇವಷ್ಟೆ. ಇಲ್ಲಿ ಪ್ರಾಸವು ಸಾಲಿನ ಕೊನೆಯಲ್ಲಿ ಮಾತ್ರವಲ್ಲದೆ ನಡುವೆಯೂ ಬರುತ್ತದೆ; ಒಮ್ಮೊಮ್ಮೆ ಮೂರು ನಾಲ್ಕು ಅಕ್ಷರಗಳ ಗುಂಪೇ ಪ್ರಾಸವಾಗುತ್ತದೆ. ಬಣ್ಣದ ಸೀಮೆಸುಣ್ಣದಿಂದ ಅವುಗಳಿಗೆ ಗುರುತು ಹಾಕುತ್ತ ಹೋದಂತೆ ಕಪ್ಪು ಹಲಗೆ ತುಂಬಿತು. ತಾಳದ ಆವರ್ತ ಮುಗಿದರೂ ವಾಕ್ಯ ಮುಗಿಯದೆ ಮುಂದಕ್ಕೆ ಹರಿಯುವುದರಿಂದಲೇ ಕೇಳುವವನಿಗೆ ಉಸಿರು ಹಿಡಿದ ಅನುಭವವಾಗುತ್ತದೆ. ಹಾಡು ಎಲ್ಲಿದೆ ಎಂಬ ಪ್ರಶ್ನೆಗೆ ಹಲಗೆಯೇ ಉತ್ತರ ಕೊಟ್ಟಿತು.

ಮೂರನೆಯದು ಅರ್ಥಕ್ಕಾಗಿ. ಇದಕ್ಕೆ ಏಳನೆಯ ಭಾಗವಾದ ‘ಒನ್ ಲವ್’ ಎಂಬುದನ್ನು ಆರಿಸಿದೆ. ಇದರ ಮೊದಲೆರಡು ಚರಣಗಳು ಸೆರೆಮನೆಯಲ್ಲಿರುವ ಗೆಳೆಯರಿಗೆ ಬರೆದ ಕಾಗದಗಳು. ಮಗು ಹುಟ್ಟಿದ ಸುದ್ದಿ, ಕೇರಿಯ ಸುದ್ದಿ, ಯಾರು ಕೈಬಿಟ್ಟರೆಂಬ ಸುದ್ದಿ, ಎಲ್ಲವೂ ಅಲ್ಲಿದೆ. ಮೂರನೆಯ ಚರಣದಲ್ಲಿ ಕಾಗದ ನಿಲ್ಲುತ್ತದೆ. ಆಗಲೇ ಕೆಟ್ಟ ದಾರಿ ಹಿಡಿದಿರುವ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಕವಿ ಬುದ್ಧಿ ಹೇಳುತ್ತಾನೆ. ಬುದ್ಧಿ ಹೇಳುವವನ ಕೈಯೂ ಶುದ್ಧವಲ್ಲ. ಅದನ್ನು ಅವನು ಮುಚ್ಚಿಡುವುದೂ ಇಲ್ಲ. ಮುಂದೆ ಕಾಗದ ಬರೆಯಿಸಿಕೊಳ್ಳುವವನು ಈ ಹುಡುಗನೇ ಆಗಬಹುದೆಂಬ ಭಯವೇ ಈ ಹಾಡಿನ ಹೃದಯವೆಂದು ನನ್ನ ನಮ್ರ ಅಭಿಪ್ರಾಯ.

ಆಗ ಅದೇ ಹುಡುಗಿ ಮತ್ತೆ ಎದ್ದಳು: “ಹೆಂಗಸರ ವಿಷಯದಲ್ಲಿ ಇವನು ಆಡುವ ಮಾತು ಸರಿಯೇ ಅಣ್ಣಾ?” ಆ ಸಾಲುಗಳನ್ನು ನಾನು ಹೆದರಿ ನನ್ನ ಟಿಪ್ಪಣಿಯಿಂದ ಬಿಟ್ಟಿದ್ದೆ. ಸರಿಯಲ್ಲವೆಂದೂ, ಬಿಟ್ಟದ್ದು ನನ್ನ ತಪ್ಪೆಂದೂ ಹೇಳಿದೆ. ಒಂದು ಕೃತಿಯನ್ನು ಪಾಠ ಮಾಡುವುದೆಂದರೆ ಅದಕ್ಕೆ ವಕೀಲನಾಗುವುದಲ್ಲ. ಅದರ ಸೊಗಸನ್ನೂ ಕೊರತೆಯನ್ನೂ ಒಂದೇ ಕಿವಿಯಿಂದ ಕೇಳಬೇಕು. ಉಳಿದ ಅವಧಿಯೆಲ್ಲ ಈ ಚರ್ಚೆಯಲ್ಲೇ ಕಳೆಯಿತು. ಅದೇ ನನ್ನ ಪಾಠದ ಉತ್ತಮ ಭಾಗವೆನ್ನಬೇಕು.

ಕೊನೆಗೆ, ಊರು ಬಿಟ್ಟುಹೋದ ಒಬ್ಬರಿಗೆ ಹದಿನಾರು ಸಾಲಿನ ಕಾಗದವನ್ನು ತಾಳಕ್ಕೆ ಕೂಡುವಂತೆ ಕನ್ನಡದಲ್ಲಿ ಬರೆದು ತರಲು ಹೇಳಿದೆ. ಬೆಂಗಳೂರಿನಲ್ಲಿ ಕಾವಲು ಕೆಲಸಕ್ಕಿರುವ ಅಣ್ಣನಿಗೆ ಒಬ್ಬಳು ಬರೆದದ್ದನ್ನು ಓದಿದಾಗ ತರಗತಿಯಲ್ಲಿ ಯಾರೂ ನಗಲಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ತಂದೆಯವರು ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡುತ್ತಾರೆ. “ಇವತ್ತು ಏನು ಕಲಿಸಿದರಪ್ಪಾ?” ಎಂದು ದಿನವೂ ಕೇಳುತ್ತಾರೆ. “ಇಂಗ್ಲಿಷು” ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಹೇಳಿದರೆ ಅವರಿಗೆ ತಿಳಿಯದು ಎಂಬ ಅಹಂಕಾರ. ಪಾಠ ಮುಗಿದ ಸಂಜೆ ಮೂರನೆಯ ಭಾಗವನ್ನು ಅವರಿಗೆ ಕೇಳಿಸಿದೆ. ತನಗೆ ಇಪ್ಪತ್ತು ತುಂಬಿದ ಮಾತನ್ನು ನಾಸ್ ಅದರಲ್ಲೇ ಹೇಳುವುದು. ಅಪ್ಪ ಕೊನೆಯವರೆಗೂ ಕೇಳಿ, “ಕಡೆಗೆ ತುತ್ತೂರಿ ಊದಿದವರು ಯಾರು?” ಎಂದರು. “ಹಾಡಿದವನ ತಂದೆ ಅಪ್ಪಾ, ಓಲು ದಾರಾ ಅಂತ ಹೆಸರು” ಎಂದೆ. “ಇನ್ನೊಂದು ಸಲ ಹಾಕು” ಎಂದರು.

2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಾಸ್‌ನ ಹೆಸರಿನ ಸಂಶೋಧನ ವೇತನ ಸ್ಥಾಪಿತವಾಯಿತು; 2021ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವು ‘ಇಲ್‌ಮ್ಯಾಟಿಕ್’ ಅನ್ನು ಕಾಪಿಡತಕ್ಕ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿಸಿತು. ಇವು ದೊಡ್ಡವರು ಕೊಟ್ಟ ಮನ್ನಣೆಗಳು. ಕಿರಿಯ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ: ನಿಮಗೆ ಪ್ರಿಯವಾದ ಯಾವುದೇ ಹಾಡನ್ನು ಮೂರು ಸಲ ಕೇಳಿರಿ, ನಿಮಗೆ ತಿಳಿದದ್ದನ್ನು ಮನೆಯವರಿಗೆ ಹೇಳಿರಿ. ಅವರಿಗೆ ತಿಳಿಯದೆಂದು ಮುಂಚೆಯೇ ತೀರ್ಮಾನಿಸಬೇಡಿರಿ.